ತಾತನ ಮುಖಕ್ಕೆ ಹೊಲಿಗೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದಿಲು ಮೂಟೆಗಳ ಲೆಕ್ಕ ನೋಡಿಕೊಳ್ಳುವ ಗುಮಾಸ್ತ ಧರ್ಮಪ್ಪ ಬೀಡಿ ಸೇದುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಹೆಂಡದಂಗಡಿಯ ಮುಂದೆ ಹಾದುಹೋಗುವಾಗ ಆ ಕಡೆಯ ಕಣ್ಣೊಂದನ್ನು ಮುಚ್ಚಿಕೊಂಡೇ ನಡೆಯುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಚಟ. ಯಾರಾದರೂ "ನಿಮ್ಮಲ್ಲಿ ಇಂಥದ್ದು ಉಂಟೇ?" ಎಂದು ಕೇಳಿದರೆ ಇಲ್ಲ ಎನ್ನಲು ಅವನಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ತರೀಕೆರೆಯಿಂದ ಬಂದ ಗಂಡಿನ ಕಡೆಯವರು "ಹುಡುಗಿಗೆ ಹಾಡು ಬರುತ್ತೋ?" ಎಂದು ಕೇಳಿದಾಗ "ಹಾರ್ಮೋನಿಯಂ ಸಮೇತ" ಎಂದುಬಿಟ್ಟಿದ್ದ. ಅವರು ಹಾರ್ಮೋನಿಯಂ ತರಿಸಿ ಎಂದರು. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಆದ್ದರಿಂದ ಶಿವಮೊಗ್ಗದವರು ಹೆಣ್ಣು ನೋಡಲು ಬರುತ್ತಾರೆ ಎಂದಾಗ ಹೆಂಡತಿ ಈಶ್ವರಮ್ಮ ಗಂಡನನ್ನು ಅಡುಗೆಮನೆಗೆ ಕರೆದು, ಕೈಯಲ್ಲಿ ಸೌಟು ಹಿಡಿದುಕೊಂಡೇ ಬುದ್ಧಿ ಹೇಳಿದಳು. "ನೀವು ಬಾಯಿ ಬಿಡ್ಬೇಡಿ. ಏನು ಕೇಳಿದ್ರೂ ಸುಮ್ನೆ ತಲೆ ಆಡ್ಸಿ. ಹೌದು ಅಂತಾನೂ ಗೊತ್ತಾಗ್ಬಾರ್ದು, ಇಲ್ಲ ಅಂತಾನೂ ಗೊತ್ತಾಗ್ಬಾರ್ದು."

ಧರ್ಮಪ್ಪ ಹಾಗೆಯೇ ತಲೆಯಾಡಿಸಿ ಒಪ್ಪಿಕೊಂಡ.

ಬಂದವರು ಮೂವರು. ಪಿಂಚಣಿ ಪಡೆಯುತ್ತಿದ್ದ ಶಿರಸ್ತೇದಾರ ಪರಮೇಶ್ವರಪ್ಪ, ಅವರ ಹೆಂಡತಿ ಶಂಕರಮ್ಮ, ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ಅವರ ಮಗ. ಪರಮೇಶ್ವರಪ್ಪನವರು ಕಚೇರಿಯಲ್ಲಿ ಆಡಬೇಕಾದಷ್ಟು ಮಾತನ್ನೆಲ್ಲ ಆಡಿ ಮುಗಿಸಿದ್ದರೋ ಏನೋ, ಮನೆಯವರ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ಆ ಮನೆಯ ಮಾತಿನ ಖಾತೆ ಪೂರ್ತಿ ಶಂಕರಮ್ಮನವರದು. ಕಾಫಿ ಕೊಡುವಾಗ ಧರ್ಮಪ್ಪನ ಮಗಳು ಪುಟ್ಟಲಕ್ಷ್ಮಿಯ ಕೈತಪ್ಪಿ ಅರ್ಧ ಲೋಟ ಕಾಫಿ ಮೇಷ್ಟ್ರ ಪಂಚೆಯ ಮೇಲೆ ಚೆಲ್ಲಿತು. ಮೇಷ್ಟ್ರು ಮೊಣಕಾಲು ಒರೆಸಿಕೊಳ್ಳುತ್ತ, "ಕಾಫಿ ಬಿಸಿಯಾಗಿದೆ, ಚೆನ್ನಾಗಿದೆ" ಎಂದರು. ಹುಡುಗಿ ಒಳಗೆ ಓಡಿಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಆಮೇಲೆ ಶಂಕರಮ್ಮ ಕೇಳಿದರು. "ಹುಡುಗಿಗೆ ಕಸೂತಿ ಬರುತ್ತೋ?"

ಧರ್ಮಪ್ಪ ತಲೆಯಾಡಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಉಪ್ಪಿಟ್ಟು ಅಂದು ಬಹಳ ಹದವಾಗಿ ಬಂದಿತ್ತು, ಎರಡನೆಯ ಸಲ ಬಡಿಸಿಕೊಂಡಿದ್ದ, ಮನಸ್ಸು ಉದಾರವಾಗಿತ್ತು. "ಕಸೂತಿ ಏನು ಬಂತು, ಇಂಗ್ಲಿಷ್ ಕಸೂತಿನೇ ಬರುತ್ತೆ!" ಎಂದುಬಿಟ್ಟ. ಒಳಗೆ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು.

ಶಂಕರಮ್ಮನವರ ಮುಖ ಊರಗಲವಾಯಿತು. ಶಿವಮೊಗ್ಗದ ಮಹಿಳಾ ಸಮಾಜದಲ್ಲಿ ಅವರು ಕಸೂತಿ ವಿಭಾಗದ ಮುಂದಾಳು. ತಮ್ಮ ಚೀಲಕ್ಕೆ ಕೈಹಾಕಿ ಸುರುಳಿ ಸುತ್ತಿದ ದಪ್ಪ ಬಟ್ಟೆಯೊಂದನ್ನು ತೆಗೆದು ಬಿಡಿಸಿ ತೋರಿಸಿದರು. ಜರಡಿಯ ಹಾಗೆ ತೂತುತೂತಾದ ಬಟ್ಟೆ. ಅದರ ಮೇಲೆ ಯಾವ ದೇಶದವನೋ ಒಬ್ಬ ಬೆಸ್ತ ಮುದುಕ, ಉದ್ದ ಗಡ್ಡ, ನೀಲಿ ಕೋಟು, ಬಾಯಲ್ಲಿ ಹೊಗೆಕೊಳವೆ, ಹಿಂದೆ ಸಮುದ್ರ, ಎಲ್ಲವನ್ನೂ ಬಣ್ಣದಲ್ಲಿ ಬರೆದಿದ್ದರು.

"ನಮ್ಮ ಸಮಾಜಕ್ಕೆ ಬೊಂಬಾಯಿಂದ ಬಂದದ್ದು. ಚಿತ್ರ ಅವರೇ ಬರೆದಿದ್ದಾರೆ. ಇದರ ಮೇಲೆ ತೂತುತೂತಿಗೂ ಹೊಲೀಬೇಕು. ಬಣ್ಣ ಒಂಚೂರೂ ಕಾಣಬಾರದು, ಚಿತ್ರ ಪೂರ್ತಿ ಕಾಣಬೇಕು. ಯಾವ ಜಾಗಕ್ಕೆ ಯಾವ ದಾರ, ಯಾವ ಹೊಲಿಗೆ ಅನ್ನೋದನ್ನ ಹುಡುಗಿನೇ ಆರಿಸ್ಕೊಳ್ಲಿ. ಗೌರಿ ಹಬ್ಬಕ್ಕೆ ಬಂದು ನೋಡ್ತೀನಿ. ನೋಡಿದ ಮೇಲೆ ಮಾತುಕತೆ." ಹೀಗೆ ಹೇಳಿ ಶಂಕರಮ್ಮ ಎದ್ದರು. ಪರಮೇಶ್ವರಪ್ಪನವರೂ ಎದ್ದರು. ಮೇಷ್ಟ್ರು ಮಾತ್ರ ಅಡುಗೆಮನೆಯ ಬಾಗಿಲ ಕಡೆ ನೋಡುತ್ತ ಸ್ವಲ್ಪ ತಡವಾಗಿ ಎದ್ದರು.

ಅವರು ಹೋದ ಮೇಲೆ ಈಶ್ವರಮ್ಮ ಗಂಡನ ಮುಂದೆ ಬಂದು ನಿಂತಳು. "ನಿಮ್ಮ ಮಗಳು ಸೂಜಿ ಹಿಡಿದ್ರೆ ಬಟ್ಟೆ ಬಿಟ್ಟು ಬೆರಳು ಹೊಲ್ಕೊಳ್ತಾಳೆ. ನನಗೆ ಚಾಳೀಸು ಬಂದು ಸೂಜಿ ಕಣ್ಣಿರ್ಲಿ, ಸೂಜಿನೇ ಕಾಣಲ್ಲ. ಈಗ ಹೊಲಿಯೋರು ಯಾರು?"

"ನೀವೇ ಹೇಳಿದ್ದಲ್ವಾ ಅಪ್ಪಯ್ಯ? ನೀವೇ ಹೊಲೀರಿ," ಎಂದಳು ಪುಟ್ಟಲಕ್ಷ್ಮಿ.

ಅವಳು ಅದನ್ನು ಸಿಟ್ಟಿನಿಂದಲೇ ಹೇಳಿದ್ದು. ಆದರೆ ಆ ಸಂಜೆ ಪಾತ್ರೆ ಒರೆಸುತ್ತ ಅವಳು ಏನನ್ನೋ ಗುನುಗುತ್ತಿದ್ದಳು. ಹಾಡು ಬಾರದ ಮಗಳು ಹಾಗೆ ಗುನುಗಿದ್ದನ್ನು ಧರ್ಮಪ್ಪ ಹಿಂದೆಂದೂ ಕೇಳಿರಲಿಲ್ಲ. ತರೀಕೆರೆಯವರು ಹೋದಾಗ ಅವಳು ಹಾಯಾಗಿ ಉಂಡು ಮಲಗಿದ್ದಳು. ಈ ಸಂಬಂಧ ಹಾಗಲ್ಲ. ಇದು ತನ್ನ ಬಾಯಿಂದ ತಪ್ಪಿದರೆ ಮಗಳ ಮುಖ ನೋಡುವ ಯೋಗ್ಯತೆ ತನಗೆ ಉಳಿಯುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಮರುದಿನ ಕಾರ್ಖಾನೆಯಿಂದ ಬಂದವನೇ ಬೀದಿ ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಸೂಜಿ ಹಿಡಿದು ಕುಳಿತ.

ಧರ್ಮಪ್ಪನಿಗೆ ಹೊಲಿಗೆ ಬರುತ್ತಲೇ ಇರಲಿಲ್ಲ ಎನ್ನುವಂತಿಲ್ಲ. ಇದ್ದಿಲು ಅಂಗಳದಲ್ಲಿ ಹರಿದ ಗೋಣಿಚೀಲಗಳನ್ನು ದಬ್ಬಳದಿಂದ ಹೊಲಿಯುವುದನ್ನು ದಿನವೂ ನೋಡುತ್ತಿದ್ದ, ಕೈ ಖಾಲಿ ಇದ್ದಾಗ ತಾನೂ ನಾಲ್ಕು ಚೀಲ ಹೊಲಿದಿದ್ದ. ಆ ಧೈರ್ಯದ ಮೇಲೆ ಮೊದಲ ದಿನ ದಬ್ಬಳವನ್ನೇ ಬಳಸಿದ. ಸಮುದ್ರದ ಮಧ್ಯೆ ಹೆಬ್ಬೆರಳು ತೂರುವಷ್ಟು ತೂತು ಬಿತ್ತು. ಅಲ್ಲಿ ಪುಟ್ಟಲಕ್ಷ್ಮಿ ಒಂದು ದೋಣಿ ಇರಲಿ ಎಂದಳು, ದೋಣಿಯಾಯಿತು.

ದಾರ ಆರಿಸುವ ಕೆಲಸದಲ್ಲಿ ಮಾತ್ರ ಪುಟ್ಟಲಕ್ಷ್ಮಿ ಬಿಟ್ಟುಕೊಡಲಿಲ್ಲ. ಶಿವಮೊಗ್ಗದಿಂದ ತರಿಸಿದ್ದ ದಾರದ ಲಡಿಗಳನ್ನು ಹಿತ್ತಿಲ ಬೆಳಕಿಗೆ ಒಯ್ದು, ಒಂದರ ಪಕ್ಕ ಒಂದಿಟ್ಟು ನೋಡಿ, ಬೇಕಾದ್ದು ತಂದು ಅಪ್ಪನ ಮುಂದೆ ಹಾಕುತ್ತಿದ್ದಳು. ಕೋಟಿಗೆ ಉಣ್ಣೆ, ಕತ್ತರಿ ಹೊಲಿಗೆ. ಸಮುದ್ರಕ್ಕೆ ಎರಡು ನೀಲಿ ಕೂಡಿಸಿದ ದಾರ, ಇಟ್ಟಿಗೆ ಕಟ್ಟಿದ ಹಾಗೆ ಸಾಲು ತಪ್ಪಿಸಿ ಹೊಲಿಗೆ. ಮುಖಕ್ಕೆ ಗುಲಾಬಿ ರೇಷ್ಮೆ, ಸಣ್ಣ ಓರೆ ಹೊಲಿಗೆ, ಎಲ್ಲವೂ ಒಂದೇ ಕಡೆಗೆ ಓರೆ. ಗಡ್ಡಕ್ಕೆ ಧರ್ಮಪ್ಪ ಬಿಳಿ ರೇಷ್ಮೆ ಎಂದ. ಮಗಳು ಒಪ್ಪಲಿಲ್ಲ.

"ರೇಷ್ಮೆ ಗಡ್ಡ ಇಟ್ಕೊಂಡು ಯಾರು ಮೀನು ಹಿಡೀತಾರೆ ಅಪ್ಪಯ್ಯ? ಮದುವೆಗೆ ಹೊರಟೋನ ಹಾಗೆ ಕಾಣ್ತಾನೆ. ನಿಮ್ಮ ಇದ್ದಿಲು ಚೀಲದಿಂದ ಗೋಣಿ ನಾರು ಬಿಚ್ಕೊಂಡು ಬನ್ನಿ, ಚೆನ್ನಾಗಿ ತೊಳೆದು ಕೊಡ್ತೀನಿ. ಅದರಲ್ಲಿ ಗಂಟು ಹೊಲಿಗೆ ಹಾಕಿ."

ಹೀಗೆ ದಿನಗಳು ಉರುಳಿದವು. ಮನೆಯಲ್ಲಿ ಆ ಬೆಸ್ತನಿಗೆ ತಾತ ಎಂದೇ ಹೆಸರಾಯಿತು. "ತಾತನ ಕಿವಿ ಮುಗೀತಾ?" "ತಾತನ ಮೂಗು ಓರೆ ಬಂದಿದೆ, ಬಿಚ್ಚಿ." "ಕುತ್ತಿಗೆ ಎಳೆದು ಹಿಡ್ಕೋಮ್ಮ, ಸಡಿಲ ಆಗ್ತಿದೆ." ಕಾರ್ಖಾನೆಯವರು ಕಟ್ಟಿಸಿದ ಸಾಲುಮನೆ ಅದು. ಎರಡು ಮನೆಗೆ ನಡುವೆ ಒಂದೇ ಗೋಡೆ. ಆ ಗೋಡೆಯ ಆಚೆ ಹುಲಿಗೆಮ್ಮ ಇದ್ದಳು. ಹುಲಿಗೆಮ್ಮನ ಗಂಡ ಕುಲುಮೆಯಲ್ಲಿ ಕೆಲಸ ಮಾಡುತ್ತಿದ್ದ, ಹುಲಿಗೆಮ್ಮ ಗೋಡೆಯ ಬಳಿ ಕೆಲಸ ಮಾಡುತ್ತಿದ್ದಳು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಧರ್ಮಪ್ಪನ ಸ್ವಂತ ತಂದೆ ಹೊನ್ನಯ್ಯ ಹೊಳಲೂರಿನಲ್ಲಿ ಗದ್ದೆ ನೋಡಿಕೊಂಡಿದ್ದ. ಅವನಿಗೂ ಎದೆಯವರೆಗೆ ಗಡ್ಡವಿತ್ತು. ಮಗನ ಮನೆಗೆ ಬಂದಾಗೆಲ್ಲ ಈ ಕೇರಿಯವರೂ ಅವನನ್ನು ತಾತ ಎಂದೇ ಕರೆಯುತ್ತಿದ್ದರು.

ಗೌರಿ ಹಬ್ಬ ಹತ್ತಿರ ಬಂದಾಗ ಗುಲಾಬಿ ರೇಷ್ಮೆ ಮುಗಿಯುತ್ತ ಬಂತು. ಧರ್ಮಪ್ಪನಿಗೆ ರಜ ಸಿಗಲಿಲ್ಲ. ಕಾಗದದ ಕಾರ್ಖಾನೆ ಬೇರೆ ಬರುತ್ತಿದೆ ಎಂದು ಮೇಲಿನವರೆಲ್ಲ ಗಡಿಬಿಡಿಯಲ್ಲಿದ್ದರು. ಜನ್ನಾಪುರದ ಗೆಳೆಯ ಕರಿಯಣ್ಣ ದಿನವೂ ರೈಲಿನಲ್ಲಿ ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಿ ಬರುತ್ತಿದ್ದ. ಅವನ ಕೈಲಿ ದಾರ ತರಿಸಬೇಕು ಎಂದು ಧರ್ಮಪ್ಪ ಬೆಳಿಗ್ಗೆ ನಿಲ್ದಾಣಕ್ಕೆ ಓಡಿದ. ಓಡಿದ್ದು ತಡವಾಯಿತು. ರೈಲು ಆಗಲೇ ಹೊರಟಿತ್ತು. ಕರಿಯಣ್ಣ ಕಿಟಕಿಯಲ್ಲಿ ಕಂಡ. ಧರ್ಮಪ್ಪ ಪಂಚೆ ಎತ್ತಿಕಟ್ಟಿ ಗಾಡಿಯ ಜೊತೆಗೇ ಓಡುತ್ತ ಕೂಗಿದ.

"ಕರಿಯಣ್ಣಾ! ಚಿತ್ರದಲ್ಲಿ..." ಇಂಜಿನ್ನು ಶಿಳ್ಳೆ ಹಾಕಿತು. "...ತಾತನ ಮುಖಕ್ಕೆ ಹೊಲಿಗೆ ಹಾಕ್ಬೇಕು! ದಾರ ಸಾಲದು! ರೇಷ್ಮೆ ದಾರ ತಗೊಂಡ್ ಬಾ! ಸಾಬರ ಅಂಗಡೀಲಿ..." ಇಂಜಿನ್ನು ಹಬೆ ಬಿಟ್ಟಿತು. "...ಬಾಯಿ ಹೊಲಿದಾಯ್ತು! ಎಡಗಣ್ಣೊಂದು ಉಳಿದಿದೆ!"

ಕರಿಯಣ್ಣನ ಬಾಯಿ ತೆರೆದದ್ದು ತೆರೆದಂತೆಯೇ ಸಿಗ್ನಲ್ ಕಂಬದ ಆಚೆಗೆ ಮರೆಯಾಯಿತು. ಕೇಳಿಸಿತು ಎಂದುಕೊಂಡು ಧರ್ಮಪ್ಪ ನೆಮ್ಮದಿಯಿಂದ ಕೆಲಸಕ್ಕೆ ಹೋದ.

ಕರಿಯಣ್ಣ ಮರುಕದ ಮನುಷ್ಯ. ಪರರ ಮನೆಯ ದನ ಸತ್ತರೆ ತಾನು ಊಟ ಬಿಡುವವನು. ಶಿವಮೊಗ್ಗದಲ್ಲಿ ಇಳಿದವನೇ ಮಂಡಿಗೆ ಹೋಗದೆ ಆಸ್ಪತ್ರೆಗೆ ಹೋದ. ಕಾಂಪೌಂಡರನ ಕೈಕಾಲು ಹಿಡಿದು, ಮುಖದ ಗಾಯಕ್ಕೆ ಹೊಲಿಗೆ ಹಾಕುವ ಕಪ್ಪು ರೇಷ್ಮೆ ದಾರವನ್ನು ಇಸಿದುಕೊಂಡ. ಅಲ್ಲಿಂದ ಸೀದಾ ಪರಮೇಶ್ವರಪ್ಪನವರ ಮನೆಗೆ ಹೋದ. ನಾಳೆ ಬೀಗರಾಗುವವರು, ಅವರಿಗೆ ತಿಳಿಸದಿರುವುದು ಧರ್ಮವಲ್ಲ ಎಂದು ಅವನಿಗೆ ಅನ್ನಿಸಿತು. ದಾರಿಯಲ್ಲಿ ಸಿಕ್ಕ ಹೊಳಲೂರಿನ ಗಾಡಿಯವರಿಬ್ಬರಿಗೂ ತಿಳಿಸಿದ.

ಸಂಜೆ ಕರಿಯಣ್ಣ ಧರ್ಮಪ್ಪನ ಮನೆಯ ಹೊಸ್ತಿಲಾಚೆಯೇ ನಿಂತು ದಾರದ ಪೊಟ್ಟಣ ಚಾಚಿದ. ಕಣ್ಣಲ್ಲಿ ನೀರಿತ್ತು. ಬಾ ಒಳಗೆ ಎಂದರೆ ಬರಲೊಲ್ಲ.

"ಬೇಡ ಧರ್ಮಣ್ಣ. ನನಗೆ ನೋಡೋಕೆ ಧೈರ್ಯ ಇಲ್ಲ. ಬಹಳ ಕೆಟ್ಟದಾಗಿದೆಯಾ?"

ಹೊಲಿಯುತ್ತಿರುವುದು ಹುಡುಗಿಯಲ್ಲ, ತಾನು ಎಂದು ಇವನಿಗೆ ಹೇಗೋ ಗೊತ್ತಾಗಿದೆ ಎಂದು ಧರ್ಮಪ್ಪ ನಾಚಿಕೊಂಡ. "ಅಷ್ಟೇನೂ ಕೆಟ್ಟಿಲ್ಲ ಮಾರಾಯ. ಮೂಗು ಒಂಚೂರು ಓರೆ ಬಂತು. ಬಿಚ್ಚಿ ಮತ್ತೆ ಹೊಲಿದೆ."

"ನೀನಾ! ನೀನೇ ಹೊಲಿದ್ಯಾ?"

"ಮೆಲ್ಲಗೆ ಮಾತಾಡು. ಮತ್ತೆ ಯಾರು ಹೊಲೀತಾರೆ? ಇವಳಿಗೆ ಚಾಳೀಸು, ಮಗಳ ಕೈಲಿ ಆಗಲ್ಲ."

"ಯಾವುದರಲ್ಲಿ ಹೊಲಿದೆ?"

"ಮೊದ್ಲು ದಬ್ಬಳದಲ್ಲಿ ನೋಡ್ದೆ. ತೂತು ದೊಡ್ಡದಾಯ್ತು."

ಕರಿಯಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಶಿವನೇ! ತಾತ ಏನಂದ?"

"ಏನಂತಾನೆ? ಬಾಯಿ ಮೊದಲೇ ಹೊಲಿದುಬಿಟ್ಟಿದ್ನಲ್ಲ," ಎಂದ ಧರ್ಮಪ್ಪ, ಗೆಳೆಯನ ತಮಾಷೆಗೆ ಸರಿಯಾಗಿ ತಾನೂ ತಮಾಷೆ ಮಾಡಿದೆನೆಂಬ ಹೆಮ್ಮೆಯಿಂದ. "ನೋಡು, ಈ ವಿಷಯ ಯಾರಿಗೂ ಹೇಳ್ಬೇಡ. ಶಂಕರಮ್ಮನೋರ ಕಿವಿಗಂತೂ ಬೀಳಲೇಬಾರ್ದು. ಅಲ್ಲಾ, ಇದೇನು ಕಪ್ಪು ದಾರ? ನಾನು ಹೇಳಿದ್ದು ಗುಲಾಬಿ."

"ಮುಖಕ್ಕೆಲ್ಲಾ ಇದೇ ಹಾಕೋದಂತೆ. ಅಲ್ಲಿ ಹಾಗೇ ಹೇಳಿದ್ರು." ಕರಿಯಣ್ಣ ಗೆಳೆಯನನ್ನು ಒಮ್ಮೆ ಆಪಾದಮಸ್ತಕ ನೋಡಿ, ಹಿಮ್ಮುಖವಾಗಿಯೇ ಮೆಟ್ಟಿಲಿಳಿದು, ಬೀದಿ ತಿರುಗುವವರೆಗೂ ಬೆನ್ನು ತೋರಿಸದೆ ಹೋದ.

ಕಪ್ಪು ದಾರ ಕಂಡು ಧರ್ಮಪ್ಪ ಪೇಚಾಡಿದ. ಪುಟ್ಟಲಕ್ಷ್ಮಿ ಅದನ್ನು ಬೆಳಕಿಗೆ ಹಿಡಿದು, "ಎಡಗಣ್ಣಿಗೆ ಇದನ್ನೇ ಹಾಕಿ ಅಪ್ಪಯ್ಯ. ಕೆನ್ನೆಗೆ ಉಳಿದ ಗುಲಾಬಿನ ಎರಡು ಎಳೆ ಸೀಳಿ ಒಂದೆಳೇಲಿ ಹೊಲೀರಿ, ಸಾಕಾಗುತ್ತೆ" ಎಂದಳು. ಕಪ್ಪು ರೇಷ್ಮೆ ಬಿದ್ದದ್ದೇ ತಡ, ಮುದುಕ ದಿಟವಾಗಿ ನೋಡತೊಡಗಿದ. ಈಶ್ವರಮ್ಮನಿಗೆ ಕೂಡ ಅದು ಕಂಡಿತು.

ಮರುದಿನ ಭಾನುವಾರ. ಧರ್ಮಪ್ಪ ಕೊನೆಯ ಸಾಲು ಮುಗಿಸಿ, ಚೌಕಟ್ಟಿಗೆ ಬಿಗಿದ ಬಟ್ಟೆಯನ್ನು ಒಳಕೋಣೆಯ ಮಂಚದ ಮೇಲಿಟ್ಟು, ಧೂಳು ಬೀಳದಿರಲೆಂದು ಕಂಬಳಿ ಹೊದಿಸಿ, ಕಾಲು ನೀಡಿ ಕುಳಿತಿದ್ದ. ಬಾಗಿಲು ತಟ್ಟಿದರು. ತೆರೆದರೆ ಪೊಲೀಸ್ ದಫೇದಾರ ಭೈರಪ್ಪ. ಅವನ ಹಿಂದೆ ಹುಲಿಗೆಮ್ಮ. ಅವಳ ಹಿಂದೆ ಇಡೀ ಸಾಲುಮನೆ.

"ಧರ್ಮಪ್ಪ ಅಂದ್ರೆ ನೀವೇನಾ? ಹೊಲಿದದ್ದು ನೀವೇ ಅಂತ ದೂರು ಬಂದಿದೆ," ಎಂದ ದಫೇದಾರ.

ಗಂಡಸು ಕಸೂತಿ ಹಾಕುವುದು ಮೈಸೂರು ಸರ್ಕಾರದಲ್ಲಿ ಅಪರಾಧ ಎಂದು ಧರ್ಮಪ್ಪನಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ, "ನಾನೇ ಸ್ವಾಮಿ. ಮಗಳ ಮದುವೆಗೋಸ್ಕರ ಮಾಡ್ದೆ" ಎಂದ.

ಜನ ಒಮ್ಮೆಗೇ ಉಸಿರೆಳೆದುಕೊಂಡರು.

"ನಾನು ಹೇಳ್ಲಿಲ್ವಾ ದಫೇದಾರ್ರೇ!" ಹುಲಿಗೆಮ್ಮ ಮುಂದೆ ಬಂದಳು. "ಒಂದು ತಿಂಗಳಿಂದ ಕೇಳ್ತಿದ್ದೀನಿ. ಮೂಗು ಬಿಚ್ಚು ಅಂತಾರೆ, ಕುತ್ತಿಗೆ ಎಳೀ ಅಂತಾರೆ. ಗೋಣಿ ನಾರಲ್ಲಿ ಗಡ್ಡ ಹೊಲಿದವ್ರೆ ಸ್ವಾಮಿ, ಗೋಣಿ ನಾರಲ್ಲಿ! ಪಾಪ, ಆ ಜೀವ ಒಂದು ಸಲನಾದ್ರೂ ಅಯ್ಯೋ ಅನ್ನಲಿಲ್ಲ."

"ಯಾಕೆ ಅನ್ನಲಿಲ್ಲ ಅಂತ ತನಿಖೆ ಮಾಡ್ತೀವಿ," ಎಂದ ದಫೇದಾರ ಗಂಭೀರವಾಗಿ.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಶಂಕರಮ್ಮ ಬಂದರು. ಕೈಯಲ್ಲಿ ಎಳನೀರು. ಹಿಂದೆ ಮೂಸಂಬಿಯ ಚೀಲ ಹಿಡಿದ ಪರಮೇಶ್ವರಪ್ಪ, ಅವರ ಹಿಂದೆ ಮೇಷ್ಟ್ರು. ಪುಟ್ಟಲಕ್ಷ್ಮಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಧರ್ಮಪ್ಪನವರೇ, ಎಲ್ಲಾ ಗೊತ್ತಾಯ್ತು. ಮುಚ್ಚಿಡೋದು ಬೇಡ," ಎಂದರು ಶಂಕರಮ್ಮ. "ಒಳಗಿದ್ದಾರಾ?"

"ಮಂಚದ ಮೇಲೆ," ಎಂದ ಧರ್ಮಪ್ಪ ಕುಗ್ಗಿದ ದನಿಯಲ್ಲಿ.

ಶಂಕರಮ್ಮ ಕೋಣೆಯ ಬಾಗಿಲಿನಿಂದಲೇ ಇಣುಕಿ ನೋಡಿದರು. ಕಂಬಳಿ ಅಲುಗುತ್ತಿರಲಿಲ್ಲ. ಹಿಂದಕ್ಕೆ ಸರಿದು ದನಿ ತಗ್ಗಿಸಿದರು. "ನೋಡಿ, ನಾವು ದಾರೀಲೇ ಯೋಚನೆ ಮಾಡ್ಕೊಂಡು ಬಂದ್ವಿ. ನಿಮ್ಮ ತಂದೆಯವರಿಗೆ ಹೆಚ್ಚುಕಮ್ಮಿ ಆದ್ರೆ ಈ ಮನೇಲಿ ಒಂದು ವರ್ಷ ಶುಭಕಾರ್ಯ ಇಲ್ಲ. ನಮ್ಮ ಹುಡುಗನಿಗೆ ಮುಂದಿನ ವರ್ಷ ಯೋಗ ಇಲ್ಲ ಅಂದಿದ್ದಾರೆ ಜೋಯಿಸರು. ಹಿರಿಯರ ಉಸಿರಿರುವಾಗಲೇ ಮದುವೆ ಮುಗಿಸಿಬಿಡೋಣ. ಈ ವಾರವೇ. ಆ ಕಸೂತಿ ಗಿಸೂತಿ ಇರ್ಲಿ ಬಿಡಿ, ಅದಕ್ಕೀಗ ಹೊತ್ತೂ ಅಲ್ಲ."

ತಂದೆಯವರು ಎಂಬ ಮಾತು ಧರ್ಮಪ್ಪನ ಕಿವಿಯಿಂದ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ ರೈಲಿನ ಶಿಳ್ಳೆ, ಕರಿಯಣ್ಣನ ಕಣ್ಣೀರು, ಕಪ್ಪು ದಾರ, ದಫೇದಾರನ ಟೋಪಿ ಎಲ್ಲವೂ ಒಂದೊಂದಾಗಿ ಅರ್ಥವಾದವು. ನಿಜ ಹೇಳಬೇಕು ಎಂದು ಅವನು ಬಾಯಿ ತೆರೆದದ್ದು ಸುಳ್ಳಲ್ಲ. ಆದರೆ ಮಗಳ ಕಡೆ ನೋಡಿದ. ಈ ವಾರವೇ ಎಂದದ್ದು ಅವಳಿಗೂ ಕೇಳಿಸಿತ್ತು, ಮೇಷ್ಟ್ರಿಗೂ ಕೇಳಿಸಿತ್ತು. ಇಬ್ಬರೂ ಒಂದೇ ಸಮಯಕ್ಕೆ ನೆಲ ನೋಡುತ್ತಿದ್ದರು. ಪರೀಕ್ಷೆ ಇಲ್ಲ, ಕಸೂತಿ ಇಲ್ಲ, ಮದುವೆ ಉಂಟು. ಅದಕ್ಕೆ ತಾನು ಮಾಡಬೇಕಾದ್ದು, ಒಂದು ವಾರದ ಮಟ್ಟಿಗೆ ತಂದೆಯನ್ನು ಸಾಯಲು ಬಿಡುವುದಷ್ಟೆ.

"ಎಲ್ಲ ದೇವರಿಚ್ಛೆ," ಎಂದ ಧರ್ಮಪ್ಪ ನಿಟ್ಟುಸಿರಿಟ್ಟು.

"ತಂದೆಯವರಿಗೆ ನೆನಪು ಉಂಟೋ?"

"ಆಗಾಗ."

"ಏನಾದ್ರೂ ತಗೊಳ್ತಾರಾ?"

"ಬೆಳಿಗ್ಗೆ ಎರಡು ಚಮಚ ಗಂಜಿ," ಎಂದ. ಚಟ ದೊಡ್ಡದು. "ಮೊಮ್ಮಗಳ ಮದುವೆ ನೋಡೇ ಕಣ್ಣು ಮುಚ್ಚೋದು ಅಂತ ನಿನ್ನೆ ನನ್ನ ಕೈ ಹಿಡ್ಕೊಂಡು ಹೇಳಿದ್ರು."

"ಬಾಯಿ ಹೊಲಿದ ಮೇಲಾ, ಮುಂಚೆಯಾ?" ಎಂದ ದಫೇದಾರ.

ಇದಕ್ಕೆ ಧರ್ಮಪ್ಪ ಏನು ಉತ್ತರ ಕೊಡುತ್ತಿದ್ದನೋ ತಿಳಿಯದು. ಬೀದಿಯಲ್ಲಿ ದೊಡ್ಡ ಗದ್ದಲವಾಯಿತು. ಜನ ದಾರಿಬಿಟ್ಟರು, ಬಿಟ್ಟ ಕೆಲವರು ಕಿರುಚಿದರು. ಎದೆಯವರೆಗೆ ಗಡ್ಡ, ಕೈಯಲ್ಲಿ ಬಿದಿರ ದೊಣ್ಣೆ, ಹೆಗಲ ಮೇಲೆ ಟವಲು, ಹೊಳಲೂರಿನ ಹೊನ್ನಯ್ಯ ಒಳಗೆ ಬಂದು ನಡುಮನೆಯಲ್ಲಿ ನಿಂತ. ಮುಖದಲ್ಲಿ ಒಂದು ಗೀರೂ ಇರಲಿಲ್ಲ.

"ಲೋ ಧರ್ಮ! ಬಸ್ಸಿಂದ ಇಳಿದ ತಕ್ಷಣ ಈ ಊರ ಪೇಟೆಯೋರೆಲ್ಲ ನನ್ನ ನೋಡಿ ಓಡೋಗ್ತಾರೆ. ಒಬ್ಬ ಕೈಮುಗಿದ. ಯಾವನೋ ನನ್ನ ಬಾಯಿ ಹೊಲಿದವ್ನಂತಲ್ಲ? ಯಾರವನು? ತೋರ್ಸು!"

ಹುಲಿಗೆಮ್ಮ ಹೊನ್ನಯ್ಯನನ್ನು ನೋಡಿದಳು. ಕೋಣೆಯ ಬಾಗಿಲನ್ನು ನೋಡಿದಳು. ಮತ್ತೆ ಹೊನ್ನಯ್ಯನನ್ನು ನೋಡಿದಳು.

"ಹಾಗಾದ್ರೆ ಒಳಗೆ ಮಲಗಿರೋದು ಯಾರು?" ಎಂದಳು.

ದಫೇದಾರ ಬೆಲ್ಟು ಬಿಗಿಮಾಡಿಕೊಂಡು ಒಳಗೆ ನುಗ್ಗಿ ಕಂಬಳಿ ಎಳೆದ. ಚೌಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜೋಪಾನವಾಗಿ ನಡುಮನೆಗೆ ತಂದ. ಬಹಳ ಹೊತ್ತು ನೋಡಿ, "ಇವನು ಯಾವ ಊರವನು?" ಎಂದು ಕೇಳಿದ.

ಆಮೇಲೆ ಏನು, ಎತ್ತ ಎಂಬುದನ್ನೆಲ್ಲ ಈಶ್ವರಮ್ಮ ಹೇಳಬೇಕಾಯಿತು. ಗಂಡ ಆ ಕಂಬಳಿಯನ್ನು ಮಡಿಸುತ್ತ, ಬಿಡಿಸುತ್ತ ನಿಂತಿದ್ದ. ಹೊನ್ನಯ್ಯ ಮಗನನ್ನು ಹೊಡೆಯಲೆಂದು ಎತ್ತಿದ ದೊಣ್ಣೆಯನ್ನು, ಬೀಗರ ಎದುರು ಎಂದು ಇಳಿಸಿ, ಎಳನೀರನ್ನು ತಾನೇ ಎತ್ತಿಕೊಂಡು ಕುಡಿದ. ಅದು ಅವನಿಗೆಂದು ತಂದದ್ದೇ ಆದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ದಫೇದಾರ, ಸತ್ತವರು ಯಾರೂ ಇಲ್ಲದ್ದರಿಂದ ತನಗೆ ಇಲ್ಲಿ ಕೆಲಸವಿಲ್ಲ ಎಂದು ಹೇಳಿ, ಬೇಸರದಿಂದ ಹೊರಟುಹೋದ.

ಶಂಕರಮ್ಮ ಚೌಕಟ್ಟನ್ನು ಕಿಟಕಿಯ ಬೆಳಕಿಗೆ ಒಯ್ದಿದ್ದರು. ಗಡ್ಡವನ್ನು ಬೆರಳಿನಿಂದ ಸವರಿದರು. ಕಣ್ಣನ್ನು ನೋಡಿದರು. ಮುಖದ ಸಿಟ್ಟು ತಾನಾಗಿ ಕರಗಿತು. "ಗಡ್ಡಕ್ಕೆ ಗೋಣಿ ನಾರು! ನಮ್ಮ ಸಮಾಜದಲ್ಲಿ ಒಬ್ಬರಿಗಾದ್ರೂ ಹೊಳೀತಿತ್ತಾ? ಕಣ್ಣು ನೋಡಿ, ಈಗ ಮಾತಾಡ್ತಾನೆ ಅನ್ನೋ ಹಾಗಿದೆ. ಧರ್ಮಪ್ಪನವರೇ, ನಿಮ್ಮ ಮಗಳದ್ದು ಒಳ್ಳೇ ಕೈ."

ಹೋದ ಜೀವ ಬಂತು ಧರ್ಮಪ್ಪನಿಗೆ. "ಅಯ್ಯೋ, ಇದು ಏನೂ ಅಲ್ಲ. ಇದಕ್ಕಿಂತ ದೊಡ್ಡದೊಂದು..." ಎಂದು ಶುರುಮಾಡಿದ.

"ಅತ್ತೆ," ಎಂದಳು ಪುಟ್ಟಲಕ್ಷ್ಮಿ. ಅವಳ ಮುಖ ಕೆಂಪಗಾಗಿತ್ತು. ಆದರೆ ದನಿ ಗಟ್ಟಿಯಾಗಿತ್ತು. "ದಾರ, ಹೊಲಿಗೆ ಆರಿಸಿದ್ದು ನಾನು. ಹೊಲಿದದ್ದು ನಾನಲ್ಲ. ನನಗೆ ಸೂಜಿ ಹಿಡಿಯೋಕೆ ಬರಲ್ಲ. ಪೂರ್ತಿ ಹೊಲಿದೋರು ಅಪ್ಪಯ್ಯ."

ಶಂಕರಮ್ಮ ಚೌಕಟ್ಟನ್ನು ಚಾಪೆಯ ಮೇಲೆ ಇಟ್ಟುಬಿಟ್ಟರು. ತಮ್ಮವರ ಕಡೆ ತಿರುಗಿ, "ಏಳಿ, ಹೋಗೋಣ" ಎಂದರು. ಆಮೇಲೆ ಧರ್ಮಪ್ಪನ ಕಡೆ ತಿರುಗಿದರು. "ಮೀಸೆ ಹೊತ್ತ ಗಂಡಸು ಬಾಗಿಲು ಹಾಕ್ಕೊಂಡು ಕಸೂತಿ ಹಾಕೋದಾ? ಕೇಳಿದೋರು ಏನಂತಾರೆ? ಕಸೂತಿ ಅಂದ್ರೆ ಏನು ಅಂತ ನನಗೆ ಗೊತ್ತು ಧರ್ಮಪ್ಪನವರೇ. ನಾನು ಹೊಲಿದ ನವಿಲಿಗೆ ಸಮಾಜದಲ್ಲಿ ಮೊದಲನೇ ಬಹುಮಾನ ಬಂದಿದೆ. ಡಿಪ್ಟಿ ಕಮಿಷನರ ಹೆಂಡ್ತಿ ಕೈಯಿಂದ ತಗೊಂಡಿದ್ದೀನಿ. ಇಂಥ ಮನೆತನದ ಸಂಬಂಧ ನಮಗೆ ಆಗಲ್ಲ."

ಮೇಷ್ಟ್ರು "ಅಮ್ಮಾ" ಎಂದರು. ಶಂಕರಮ್ಮ ಕೇಳಿಸಿಕೊಳ್ಳಲಿಲ್ಲ, ಹೊಸ್ತಿಲಿಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡರು. ಪುಟ್ಟಲಕ್ಷ್ಮಿ ಗೋಡೆಯ ಕಡೆ ಮುಖ ತಿರುಗಿಸಿದಳು. ಧರ್ಮಪ್ಪನಿಗೆ ಹೇಳಲು ಏನೂ ಉಳಿದಿರಲಿಲ್ಲ. ಅವನ ಬದುಕಿನಲ್ಲಿ ಹಾಗೆ ಆದದ್ದು ಅದೇ ಮೊದಲು, ಅದಕ್ಕೇ ಅವನಿಗೆ ಅಳು ಬರುವಂತಾಯಿತು.

ಪರಮೇಶ್ವರಪ್ಪನವರು ಮಾತ್ರ ಎದ್ದಿರಲಿಲ್ಲ. ಚಾಪೆಯ ಮೇಲಿನ ಚೌಕಟ್ಟನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಹಣೆಗೇರಿಸಿ, ಬಟ್ಟೆಯ ಹಿಂಭಾಗವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದರು. ಅವರ ದನಿ ಹೇಗಿರುತ್ತದೆ ಎಂದು ಆ ಮನೆಯಲ್ಲಿ ಆಗ ಮೊದಲ ಸಲ ಗೊತ್ತಾಯಿತು.

"ಮೂಗಿನ ಹತ್ರ ಗಂಟು ಹಾಕಿದ್ದೀರಿ ಧರ್ಮಪ್ಪನವರೇ. ಹಾಕಬಾರದು. ಮುಂದೆ ಉಬ್ಬು ಬರುತ್ತೆ. ದಾರದ ತುದಿನ ಹಿಂದಿನ ಹೊಲಿಗೆಗಳ ಒಳಗೇ ನುಗ್ಗಿಸಿ ಎಳೀಬೇಕು. ಮೊದಮೊದ್ಲು ನಾನೂ ಗಂಟೇ ಹಾಕ್ತಿದ್ದೆ. ನಮ್ಮ ನವಿಲು ತಿರುಗಿಸಿ ನೋಡಿ, ಹಿಂದೆ ಬರೀ ಗಂಟು."

ಪರಮೇಶ್ವರಪ್ಪನವರಿಗೆ ತಾವು ಏನು ಹೇಳಿದೆವೆಂದು ತಿಳಿಯಲು ತಡವಾಯಿತು. ತಿಳಿದ ಮೇಲೆ ಕನ್ನಡಕ ಹಣೆಯಿಂದ ತಾನಾಗಿ ಮೂಗಿಗೆ ಇಳಿಯಿತು. ಹೊನ್ನಯ್ಯ ಎಳನೀರು ಕೆಳಗಿಟ್ಟ. ಮೊದಲು ನಕ್ಕವಳು ಪುಟ್ಟಲಕ್ಷ್ಮಿ, ಗೋಡೆಯ ಕಡೆ ತಿರುಗಿದ್ದ ಹಾಗೆಯೇ. ಆಮೇಲೆ ಮೇಷ್ಟ್ರು ನಕ್ಕರು.

ಶಂಕರಮ್ಮ ಒಂದೇ ಕಾಲಿನ ಚಪ್ಪಲಿಯಲ್ಲಿ ಹೊಸ್ತಿಲ ಮೇಲೆ ಕೆಲವು ಗಳಿಗೆ ನಿಂತರು. ಅದನ್ನು ಬಿಚ್ಚಿದರು. ಒಳಗೆ ಬಂದು, ಚಾಪೆಯ ಮೇಲೆ ಕುಳಿತು, ಸೆರಗು ಸರಿಮಾಡಿಕೊಂಡರು.

"ಹುಡುಗಿ ನಮಗೆ ಒಪ್ಪಿಗೆ," ಎಂದರು. "ಹಬ್ಬ ಕಳೆದ ಮೇಲೆ ಒಳ್ಳೇ ದಿನ ನೋಡಿಸೋಣ. ಖರ್ಚು ಅರ್ಧ ನಮ್ಮದು. ಆದರೆ ಒಂದು ಮಾತು. ಈಗ ಇವರು ಆಡಿದ್ದು ಈ ನಾಲ್ಕು ಗೋಡೆ ಬಿಟ್ಟು ಆಚೆ ಹೋಗಬಾರದು."

"ಖಂಡಿತ ಇಲ್ಲ!" ಎಂದ ಧರ್ಮಪ್ಪ. ಎಲ್ಲರೂ ಒಟ್ಟಿಗೆ, ಹುಲಿಗೆಮ್ಮ ನಿಂತಿದ್ದ ಬಾಗಿಲ ಕಡೆ ತಿರುಗಿದರು.

ಬಾಗಿಲಲ್ಲಿ ಯಾರೂ ಇರಲಿಲ್ಲ.